ಗೀಸರ್ ಪೈಪಿನಲ್ಲಿ ನೇತಾಡುವ ಎಕ್ಸ್‌ಪಾನ್ಶನ್ ಟ್ಯಾಂಕ್: ಕೆಂಪುಕಲ್ಲಿನ ಗೋಡೆಗೆ ಹೇಗೆ ಕಟ್ಟುವುದು?

ಕುಲಶೇಖರದವ (ಶನಿವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಎರಡು ದಿನದಿಂದ ನಿದ್ದೆ ಕೆಡಿಸಿದೆ.

ನಮ್ಮದು ಅಪ್ಪ ಕಟ್ಟಿಸಿದ ಮನೆ, ಮಂಗಳೂರಿನ ಕುಲಶೇಖರದಲ್ಲಿ. ಕೆಳಗೊಂದು ಮೇಲೊಂದು, ಪೂರ್ತಿ ಕೆಂಪುಕಲ್ಲಿನ ಗೋಡೆ. ಮೂರು ಬಚ್ಚಲಿಗೆ ಮೂರು ಗೀಸರ್ ಇತ್ತು. ಕಳೆದ ಬೇಸಿಗೆಯಲ್ಲಿ ಮೂರನ್ನೂ ತೆಗೆಸಿ, ಮೇಲಿನ ಸ್ಟೋರ್ ರೂಮಿನಲ್ಲಿ ಒಂದೇ 100 ಲೀಟರಿನದ್ದು ಇಡಿಸಿದೆವು. ಟೆರೇಸಿನಲ್ಲಿ ಪ್ರೆಶರ್ ಪಂಪ್ ಉಂಟು, ಮೀಟರಿನಲ್ಲಿ ಒತ್ತಡ 2.2 ಬಾರ್ ತೋರಿಸುತ್ತದೆ.

ಶಾರ್ಜಾದಲ್ಲಿರುವ ತಮ್ಮ ಬರುವಾಗ 8 ಲೀಟರಿನ ಎಕ್ಸ್‌ಪಾನ್ಶನ್ ಟ್ಯಾಂಕ್, ಅಂದರೆ ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಡಬ್ಬ, ತಂದ. "ಅಲ್ಲಿ ದೊಡ್ಡ ಗೀಸರಿಗೆ ಇದನ್ನು ಹಾಕ್ತಾರೆ, ಹಾಕಿಸು" ಎಂದ. ಪ್ಲಂಬರ್ ಬಂದು ಗೀಸರಿಗೆ ಹೋಗುವ ತಣ್ಣೀರಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿಗೆ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ, ಟ್ಯಾಂಕನ್ನು ಅಡ್ಡಕ್ಕೆ ತಿರುಗಿಸಿ ಬಿಗಿದು ಹೋದ. ಕ್ಲ್ಯಾಂಪ್ ಇಲ್ಲ, ಸ್ಟ್ಯಾಂಡ್ ಇಲ್ಲ. ಗೋಡೆಯಿಂದ ಚಾಚಿದ ಕೈಯಲ್ಲಿ ಕುಂಬಳಕಾಯಿ ಹಿಡಿದ ಹಾಗೆ ನಿಂತಿದೆ. ಈಗ ಎರಡು ಬೆರಳಿನಷ್ಟು ಬಾಗಿದೆ. ಥ್ರೆಡ್ಡಿನ ಹತ್ತಿರ ಕೈ ಇಟ್ಟರೆ ಒದ್ದೆ. ಅವನಿಗೆ ಫೋನ್ ಮಾಡಿದರೆ "ಎಂತ ಆಗುದಿಲ್ಲ ಸಾರ್" ಎನ್ನುತ್ತಾನೆ.

ನನ್ನ ಪ್ರಶ್ನೆ ಎರಡೇ. ಅಡ್ಡಕ್ಕೆ ಹಾಕಿದ್ದು ಸರಿಯಾ? ಕೆಂಪುಕಲ್ಲಿನ ಗೋಡೆಯಲ್ಲಿ ಇದರ ಭಾರ ತಡೆಯುವ ಹಾಗೆ ಎಂತ ಹೊಡೆಯಬೇಕು?

ಒಂದು ಹೇಳಲು ಮರೆತೆ. ಟ್ಯಾಂಕ್ ಹಾಕಿದ ಮೇಲೂ ಗೀಸರಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕುವುದು ನಿಂತಿಲ್ಲ. ಅದು ಬೇರೆ ವಿಷಯ ಇರಬೇಕು.

ಹಂಡೆಬಚ್ಚಲು (ಶನಿವಾರ, ರಾತ್ರಿ 9:31)

ಮಾರಾಯ್ರೆ, ನಮ್ಮ ಉಡುಪಿ ಮನೆಯಲ್ಲಿ ಈಗಲೂ ತಾಮ್ರದ ಹಂಡೆ. ಎರಡು ಮಡಲು, ನಾಲ್ಕು ಗೆರಟೆ ಹಾಕಿದರೆ ಮೂರು ಜನರ ಸ್ನಾನ ಆಗುತ್ತದೆ. ಎಕ್ಸ್‌ಪಾನ್ಶನ್ ಟ್ಯಾಂಕೂ ಇಲ್ಲ, ಕ್ಲ್ಯಾಂಪೂ ಇಲ್ಲ. ಬಿಸಿನೀರಿಗೆ ಇಷ್ಟೆಲ್ಲ ಉಪದ್ರ ಬೇಕಾ?

ಪೈಪ್‌ಫಿಟ್ಟರ್_ಬೈಕಂಪಾಡಿ (ಶನಿವಾರ, ರಾತ್ರಿ 9:50)

ಕುಲಶೇಖರದಣ್ಣ, ಚರ್ಚೆ ಆಮೇಲೆ ಮಾಡುವ. ಮೊದಲು ಈಗಲೇ ಹೋಗಿ ಗೀಸರಿನ ಸ್ವಿಚ್ ಮತ್ತು ಪಂಪ್ ಎರಡನ್ನೂ ಆಫ್ ಮಾಡಿ. ಟ್ಯಾಂಕಿನ ಅಡಿಗೆ ಸ್ಟೂಲಿಟ್ಟು ಮೇಲೆ ಪುಸ್ತಕವೋ ಹಲಗೆಯೋ ಏರಿಸಿ, ಟ್ಯಾಂಕ್ ಅದರ ಮೇಲೆ ಕೂರಲಿ. ಬಾಗಿದ್ದನ್ನು ನೀವೇ ಎತ್ತಿ ಸರಿ ಮಾಡಲು ಹೋಗಬೇಡಿ. ಸಿಪಿವಿಸಿ ಬಾಗಿದಾಗ ಸುಮ್ಮನಿರುತ್ತದೆ, ವಾಪಸ್ ಎತ್ತುವಾಗ ಟಪ್ ಎನ್ನುತ್ತದೆ. ಒದ್ದೆ ಆದದ್ದು ಥ್ರೆಡ್ಡಿನಿಂದ ಅಂದರೆ ಒಳಗಿನ ಹಿತ್ತಾಳೆ ಪ್ಲಾಸ್ಟಿಕ್ಕಿನಿಂದ ಅಲುಗಿದೆ ಎಂದು ನನ್ನ ಅಂದಾಜು.

ಇನ್ನು ಮೂರು ವಿಷಯ ನೋಡಿ ಬರೆಯಿರಿ. ಟ್ಯಾಂಕಿನ ತುದಿಯಲ್ಲಿ ಸ್ಕೂಟರ್ ಟ್ಯೂಬಿನ ಹಾಗೆ ಒಂದು ವಾಲ್ವ್ ಇರುತ್ತದೆ, ಅದರ ಪಿನ್ ಒತ್ತಿದರೆ ಗಾಳಿ ಬರುತ್ತದಾ ನೀರು ಬರುತ್ತದಾ. ಪಂಪಿನಿಂದ ಗೀಸರಿನವರೆಗೆ ಎನ್‌ಆರ್‌ವಿ, ಅಂದರೆ ನೀರನ್ನು ಹಿಂದೆ ಬಿಡದ ವಾಲ್ವ್, ಎಲ್ಲೆಲ್ಲಿ ಉಂಟು. ಆ ಸೇಫ್ಟಿ ವಾಲ್ವ್ ಇರುವುದು ಟ್ಯಾಂಕಿನ ಟೀಗಿಂತ ಮೊದಲಾ, ಆಮೇಲಾ.

ಕೊನೆಯದ್ದು ಮುಖ್ಯ. ನೀವು ಬೇರೆ ವಿಷಯ ಅಂದದ್ದು ಬೇರೆ ವಿಷಯ ಅಲ್ಲ ಎಂದು ನನಗೆ ಅನ್ನಿಸುತ್ತಿದೆ.

ಫಿಸಿಕ್ಸ್_ಟೀಚರ್ (ಭಾನುವಾರ, ಬೆಳಿಗ್ಗೆ 6:40)

ಹಂಡೆಯವರ ಪ್ರಶ್ನೆ ತಮಾಷೆಗೆ ಕೇಳಿದ್ದಾದರೂ ಉತ್ತರ ಅಲ್ಲೇ ಉಂಟು. ಹಂಡೆಗೆ ಬಾಯಿ ತೆರೆದಿರುತ್ತದೆ. ನೀರು ಕಾದು ಹಿಗ್ಗಿದರೆ ಮಟ್ಟ ಸ್ವಲ್ಪ ಏರುತ್ತದೆ, ಅಷ್ಟೇ.

28 ಡಿಗ್ರಿಯ ನೀರು 60 ಡಿಗ್ರಿಗೆ ಬಂದಾಗ ಸುಮಾರು ಶೇಕಡಾ 1.3ರಷ್ಟು ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ ಇದು ಲೀಟರಿನ ಮೂರನೇ ಒಂದು ಪಾಲು. ಒಂದೂವರೆ ಲೋಟ ಎನ್ನಿ. 100 ಲೀಟರಿನಲ್ಲಿ 1.3 ಲೀಟರ್. 70 ಡಿಗ್ರಿಗೆ ಇಟ್ಟರೆ ಹೆಚ್ಚುಕಮ್ಮಿ 1.9 ಲೀಟರ್. ನೀರನ್ನು ಗಾಳಿಯ ಹಾಗೆ ಒತ್ತಿ ಸಣ್ಣದು ಮಾಡಲಿಕ್ಕೆ ಆಗುವುದಿಲ್ಲ. ಹಿಂದೆ ಹೋಗಲು ದಾರಿ ಇದ್ದರೆ ಟೆರೇಸಿನ ಟ್ಯಾಂಕಿಗೇ ಹೋಗುತ್ತದೆ. ಎನ್‌ಆರ್‌ವಿ ಇದ್ದರೆ ಆ ದಾರಿ ಬಂದ್. ಆಗ ಒತ್ತಡ ಸರ್ರನೆ ಏರಿ, 8 ಬಾರಿನ ಹತ್ತಿರ ಸೇಫ್ಟಿ ವಾಲ್ವ್ ತೆರೆದು ಅಷ್ಟು ನೀರನ್ನು ಹೊರಗೆ ಬಿಡುತ್ತದೆ. ತೊಟ್ಟಿಕ್ಕುವುದು ಅದೇ.

ಆದ್ದರಿಂದ ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಭಯ ಬೇಡ, ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ಗೀಸರ್ ಆಫ್ ಇರುವಾಗಲೂ ಬಿಡದೆ ತೊಟ್ಟಿಕ್ಕಿದರೆ ವಾಲ್ವಿನ ಸೀಟಿನಲ್ಲಿ ಕಸ ಕೂತಿದೆ, ಇಲ್ಲವೇ ಲೈನಿನ ಒತ್ತಡವೇ ಜಾಸ್ತಿ ಇದೆ.

ಎಕ್ಸ್‌ಪಾನ್ಶನ್ ಟ್ಯಾಂಕಿನೊಳಗೆ ಒಂದು ರಬ್ಬರ್ ಪೊರೆ. ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಹಿಗ್ಗಿದ ನೀರು ಅಲ್ಲಿ ಹೋಗಿ ಗಾಳಿಯನ್ನು ಒತ್ತಿ ಕೂರುತ್ತದೆ. ನಲ್ಲಿ ತೆರೆದಾಗ ವಾಪಸ್ ಬರುತ್ತದೆ.

ಹಂಡೆಬಚ್ಚಲು (ಭಾನುವಾರ, ಬೆಳಿಗ್ಗೆ 8:05)

ಟೀಚರೇ, ಅರ್ಥ ಆಯಿತು. ಒಂದು ಕೇಳುತ್ತೇನೆ. ನಮ್ಮ ಮಾವನ ಮನೆಯಲ್ಲೂ ಆ ವಾಲ್ವ್ ತೊಟ್ಟಿಕ್ಕುತ್ತಿತ್ತು. ಬಚ್ಚಲು ಯಾವಾಗಲೂ ಒದ್ದೆ ಎಂದು ಮಾವ ಅದರ ಬಾಯಿಗೆ ಪ್ಲಗ್ ಬಿಗಿದಿದ್ದಾರೆ. ಒಂದು ವರ್ಷ ಆಯಿತು, ಎಂತದೂ ಆಗಲಿಲ್ಲ.

ಪೈಪ್‌ಫಿಟ್ಟರ್_ಬೈಕಂಪಾಡಿ (ಭಾನುವಾರ, ಬೆಳಿಗ್ಗೆ 8:11)

ಮಾರಾಯ್ರೆ!! ಇವತ್ತೇ ತೆಗೆಸಿ. ಸ್ನಾನ ಆಮೇಲೆ. ಥರ್ಮೋಸ್ಟಾಟ್ ಒಂದು ದಿನ ಕೈಕೊಟ್ಟು ಕಟ್ ಆಗದೆ ಉಳಿದರೆ ಆ ಗೀಸರ್ ಬಾಂಬು. ಗೋಡೆ ಸಮೇತ ಹೋಗುತ್ತದೆ. ಕುಕ್ಕರಿನ ಸೇಫ್ಟಿಗೆ ಎಂಸೀಲ್ ಮೆತ್ತಿ ಅಡುಗೆ ಮಾಡುತ್ತೀರಾ? ಬಚ್ಚಲು ಒದ್ದೆ ಆಗುತ್ತದೆ ಎಂದಾದರೆ ಆ ಬಾಯಿಗೆ ಸಣ್ಣ ಪೈಪ್ ಸಿಕ್ಕಿಸಿ, ಕೆಳಮುಖವಾಗಿ ಮೋರಿಯ ಜಾಲರಿಯವರೆಗೆ ಬಿಡಿ. ಪೈಪಿನ ತುದಿ ತೆರೆದೇ ಇರಬೇಕು, ನಡುವೆ ನಲ್ಲಿ ಗಿಲ್ಲಿ ಎಂತದೂ ಇರಬಾರದು.

ಹಂಡೆಬಚ್ಚಲು (ಭಾನುವಾರ, ಬೆಳಿಗ್ಗೆ 8:40)

ಫೋನ್ ಮಾಡಿ ಹೇಳಿದೆ. ಮಾವನಿಗೆ ಸಿಟ್ಟು ಬಂದಿದೆ. ಅತ್ತೆ ಮೈನ್ ಸ್ವಿಚ್ಚನ್ನೇ ಆಫ್ ಮಾಡಿದ್ದಾರಂತೆ.

ಜೆರ್ಸಿಯಿಂದ (ಭಾನುವಾರ, ಬೆಳಿಗ್ಗೆ 9:20)

ನಾನು ಹುಟ್ಟಿ ಬೆಳೆದದ್ದು ಬಿಜೈಯಲ್ಲಿ, ಈಗ ನ್ಯೂಜೆರ್ಸಿಯಲ್ಲಿ. ಇಲ್ಲಿ ನೆಲಮಾಳಿಗೆಯಲ್ಲಿ 50 ಗ್ಯಾಲನ್, ಅಂದರೆ ಹತ್ತಿರ ಹತ್ತಿರ 190 ಲೀಟರಿನ ಹೀಟರ್ ಇರುವುದು ಸಾಮಾನ್ಯ. ರಸ್ತೆ ಲೈನಿನಿಂದ ಬರುವ ನೀರಿನ ಒತ್ತಡ 80 ಪಿಎಸ್‌ಐಗಿಂತ (ಸುಮಾರು ಐದೂವರೆ ಬಾರ್) ಜಾಸ್ತಿ ಇದ್ದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕಬೇಕು. ಹಿಂದೆ ಹೋಗುವ ದಾರಿ ಮುಚ್ಚಿದ ಲೈನಾದರೆ ಹಿಗ್ಗುವ ನೀರಿಗೆ ಏನಾದರೂ ವ್ಯವಸ್ಥೆ ಮಾಡಲೇಬೇಕು ಎಂದು ಇಲ್ಲಿನ ಪ್ಲಂಬಿಂಗ್ ಕೋಡಿನಲ್ಲೇ ಉಂಟು. ಹಾಗಾಗಿ ಈ ಟ್ಯಾಂಕ್ ಬಹಳ ಮನೆಗಳಲ್ಲಿ ಕಾಣುತ್ತದೆ. ಸೇಫ್ಟಿ ವಾಲ್ವ್ 150 ಪಿಎಸ್‌ಐಗೆ ಅಥವಾ ನೀರು 99 ಡಿಗ್ರಿ ಮುಟ್ಟಿದರೆ ತೆರೆಯುತ್ತದೆ.

ಸಣ್ಣ ಟ್ಯಾಂಕನ್ನು ಇಲ್ಲಿ ನೆಟ್ಟಗೆ, ತಲೆಕೆಳಗೆ, ಅಡ್ಡಕ್ಕೆ ಹೇಗೆ ಬೇಕಾದರೂ ಹಾಕುತ್ತಾರೆ. ಹೆಚ್ಚಿನ ಕಂಪನಿಯವರು ಒಪ್ಪುತ್ತಾರೆ. ಆದರೆ ಅಡ್ಡಕ್ಕೆ ಹಾಕಿದರೆ ಆಧಾರ ಕೊಡಲೇಬೇಕು. ನಮ್ಮಲ್ಲಿ ತಾಮ್ರದ ಪೈಪ್, ಅದಕ್ಕೂ ಪಟ್ಟಿ ಕಟ್ಟಿಸುತ್ತಾರೆ. ಇಲ್ಲಿಯ ಗೋಡೆಯೊಳಗೆ ಮರದ ಕಂಬ ಇರುತ್ತದೆ, ಎರಡು ಸ್ಕ್ರೂ ಹೊಡೆದರೆ ಮುಗಿಯಿತು. ಕೆಂಪುಕಲ್ಲಿಗೆ ನನ್ನ ಸಲಹೆ ಉಪಯೋಗಕ್ಕೆ ಬಾರದು.

ಕಾಪು_ಕಡಲು (ಭಾನುವಾರ, ಬೆಳಿಗ್ಗೆ 10:15)

ನಾನು ಅನುಭವಿಸಿದವಳು. ಬರೆಯುತ್ತೇನೆ.

ನಮ್ಮದು ಕಾಪುವಿನಲ್ಲಿ, ಕಡಲಿಗೆ ಹತ್ತು ನಿಮಿಷದ ನಡಿಗೆ. ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿದಾಗ 12 ಲೀಟರಿನ ಟ್ಯಾಂಕ್ ಕೊಟ್ಟಿದ್ದರು. ಹಾಕಿದವರು ಕಬ್ಬಿಣದ ಪಟ್ಟಿಗೆ ಬೆಳ್ಳಿ ಬಣ್ಣ ಬಳಿದು ಕ್ಲ್ಯಾಂಪ್ ಮಾಡಿ, ಎರಡು ಪ್ಲಾಸ್ಟಿಕ್ ಬೆಣೆಗೆ ಸ್ಕ್ರೂ ಹೊಡೆದಿದ್ದರು. ನೋಡಲು ಚಂದ ಇತ್ತು. ಎರಡು ಮಳೆಗಾಲ ಕಳೆಯಿತು. ಪಟ್ಟಿಯ ಹಿಂದೆ, ಟ್ಯಾಂಕಿಗೆ ತಾಗಿದ ಕಡೆ, ತುಕ್ಕು ತಿಂದದ್ದು ಯಾರಿಗೂ ಕಾಣಲಿಲ್ಲ.

ಒಂದು ಭಾನುವಾರ ಧರ್ಮಸ್ಥಳಕ್ಕೆ ಹೋಗಿದ್ದೆವು. ಸಂಜೆ ಬಂದು ಬಾಗಿಲು ತೆಗೆದರೆ ಮೆಟ್ಟಿಲಿನಲ್ಲಿ ನೀರು ಇಳಿಯುತ್ತಿದೆ, ಮೆಲ್ಲಗೆ, ದೇವಸ್ಥಾನದ ತೀರ್ಥದ ಹಾಗೆ. ಪಟ್ಟಿ ತುಂಡಾಗಿ ಟ್ಯಾಂಕ್ ಜೋತು, ಪೈಪಿನ ಎಲ್ಬೋ ಮುರಿದಿತ್ತು. ಟೆರೇಸಿನ 1,000 ಲೀಟರ್ ಪೂರ್ತಿ ಖಾಲಿ. ಮಗಳ ಪುಸ್ತಕ, ಅತ್ತೆಯ ಹಾಸಿಗೆ, ಇನ್ವರ್ಟರ್, ಎಲ್ಲ ಹೋಯಿತು.

ಬಿದ್ದ ಟ್ಯಾಂಕನ್ನು ಎತ್ತಲು ಹೋದರೆ ನನ್ನಿಂದ ಆಗಲಿಲ್ಲ. ಹೊಸತು ತಂದಾಗ ಒಂದೇ ಕೈಯಲ್ಲಿ ಎತ್ತಿದ್ದೆ! ಒಳಗಿನ ರಬ್ಬರ್ ಹರಿದು ನೀರು ತುಂಬಿ ಎಷ್ಟು ದಿನ ಆಗಿತ್ತೋ.

ಪೈಪ್‌ಫಿಟ್ಟರ್_ಬೈಕಂಪಾಡಿ (ಭಾನುವಾರ, ಬೆಳಿಗ್ಗೆ 11:00)

ಅಕ್ಕ ಹೇಳಿದ್ದೇ ಸರಿ. ಹಾಕುವಾಗ ಎಲ್ಲರೂ ಖಾಲಿ ಟ್ಯಾಂಕ್ ಎತ್ತಿ ನೋಡಿ "ಇದೆಂಥ ಭಾರ" ಎನ್ನುತ್ತಾರೆ. 8 ಲೀಟರಿನದ್ದು ಖಾಲಿ ಇದ್ದಾಗ ಎರಡು, ಎರಡೂವರೆ ಕಿಲೋ. ರಬ್ಬರ್ ಹರಿದ ದಿನ ಹತ್ತು ಕಿಲೋ. ರಬ್ಬರ್ ಯಾವತ್ತಾದರೂ ಹರಿದೇ ಹರಿಯುತ್ತದೆ. ಹತ್ತು ಕಿಲೋ ಲೆಕ್ಕ ಹಿಡಿದೇ ಆಧಾರ ಕೊಡಬೇಕು.

ಹಲಸಿನ ಮರ ನೋಡಿ. ಮಾವಿನ ಹಾಗೆ ಗೆಲ್ಲಿನ ತುದಿಗೆ ಕಾಯಿ ಬಿಡುವುದಿಲ್ಲ. ಕಾಂಡಕ್ಕೇ ಅಂಟಿಸಿ ಬಿಡುತ್ತದೆ. ಅದಕ್ಕೆ ತನ್ನ ಹಣ್ಣಿನ ತೂಕ ಗೊತ್ತುಂಟು. ನಮ್ಮ ಪ್ಲಂಬರಿಗೆ ಗೊತ್ತಿಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. ಟ್ಯಾಂಕಿನ ಬಾಯಿಗೂ ಟೀಗೂ ನಡುವೆ ಹಿತ್ತಾಳೆ ಅಥವಾ ಸ್ಟೀಲ್ ನಿಪ್ಪಲ್, ಅಂದರೆ ಎರಡೂ ತುದಿಯಲ್ಲಿ ಥ್ರೆಡ್ ಇರುವ ಪೈಪಿನ ತುಂಡು. ಆದಷ್ಟು ಗಿಡ್ಡ. ಸಾಧ್ಯವಾದರೆ ಟ್ಯಾಂಕ್ ನೆಟ್ಟಗೆ ನಿಲ್ಲಬೇಕು, ಇಲ್ಲ ನೆಟ್ಟಗೆ ಇಳಿಬೀಳಬೇಕು. ಅಡ್ಡ ಹಾಕಿದರೆ ಭಾರ ಒಂದು ಗೇಣು ಆಚೆ ಹೋಗಿ ನಿಪ್ಪಲನ್ನು ಸನ್ನೆಕೋಲಿನ ಹಾಗೆ ಎಬ್ಬುತ್ತದೆ. ಪಂಪ್ ಶುರುವಾಗುವಾಗ, ನಿಲ್ಲುವಾಗ ಬೀಳುವ ಹೊಡೆತ ಬೇರೆ. ಹೊಟ್ಟೆಗೆ ಸ್ಟೀಲಿನ ಪಟ್ಟಿ, ಒಳಗೆ ಹಳೆ ಸ್ಕೂಟರ್ ಟ್ಯೂಬ್ ಕತ್ತರಿಸಿ ಇಡಿ. ಪಟ್ಟಿ ಹಿಡಿದುಕೊಂಡರೆ ಸಾಕು, ಟ್ಯಾಂಕಿನ ಹೊಟ್ಟೆ ಅಮುಕಬಾರದು. ಗಾಳಿ ವಾಲ್ವಿನ ಹತ್ತಿರ ಕೈ ಹೋಗುವ ಜಾಗ ಬಿಡಿ. ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲು ಯಾರಾದರೂ ಹೇಳಿದರೆ ಅವರನ್ನು ಮನೆಗೆ ಕಳಿಸಿ.

ಗೋಡೆಗೆ ನಾನು ಹಾಕುವುದು ಉದ್ದ ಫಾಸ್ಟನರ್. ಇಲ್ಲಿಯವರೆಗೆ ಬಿದ್ದಿಲ್ಲ.

ಸಿವಿಲ್_ಸುರತ್ಕಲ್ (ಭಾನುವಾರ, ಮಧ್ಯಾಹ್ನ 2:30)

ಫಿಟ್ಟರ್ ಅಣ್ಣನ ಎಲ್ಲ ಮಾತು ಒಪ್ಪಿದೆ, ಕೊನೆಯದ್ದು ಬಿಟ್ಟು. ಹಿಗ್ಗಿ ಹಿಡಿಯುವ ಫಾಸ್ಟನರ್ ಕಾಂಕ್ರೀಟಿಗೆ ಮಾಡಿದ್ದು. ಕೆಂಪುಕಲ್ಲು ಒಳಗೆ ತೂತು ತೂತು, ಜೇನುಗೂಡಿನ ಹಾಗೆ. ಬಿಗಿಯುತ್ತಾ ಹೋದ ಹಾಗೆ ಕಲ್ಲು ಒಳಗೇ ಪುಡಿಯಾಗುತ್ತದೆ. ಆ ದಿನ ಗಟ್ಟಿ ಅನ್ನಿಸುತ್ತದೆ. ಭಾರ ಅಲುಗಾಡುತ್ತಾ ಇದ್ದರೆ ತೂತು ಸಡಿಲ ಆಗುತ್ತಾ ಬರುತ್ತದೆ. ಮೇಲಿನ ಮುಕ್ಕಾಲು ಇಂಚು ಪ್ಲಾಸ್ಟರನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ.

ಕೆಂಪುಕಲ್ಲಿನಲ್ಲಿ ಮಾಡಬೇಕಾದದ್ದು ಹೀಗೆ. ಕಲ್ಲಿನ ನಡುಭಾಗ ಹುಡುಕಿ, ಸಂದಿಯಲ್ಲಿ ಹೊಡೆಯಬೇಡಿ. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ ಕೊರೆಯಿರಿ. ರಾಡಿಗಿಂತ ದಪ್ಪ ತೂತು, ಐದಾರು ಇಂಚು ಆಳ. ಧೂಳು ಊದಿ ತೆಗೆದು, ಒಳಗೆ ನೀರು ಚಿಮುಕಿಸಿ, ಗಟ್ಟಿ ಸಿಮೆಂಟ್ ತುಂಬಿ, ಥ್ರೆಡ್ ಇರುವ ಸ್ಟೀಲ್ ರಾಡ್ ತೂರಿಸಿ. ಒಂದು ವಾರ ಮುಟ್ಟಬೇಡಿ. ದಿನಾ ಸ್ವಲ್ಪ ನೀರು ಹಾಕಿ. ಅಂಟಿನ ಟ್ಯೂಬ್ ಬರುತ್ತದಲ್ಲ, ಕೆಮಿಕಲ್ ಆಂಕರ್, ಅದೂ ಆಗುತ್ತದೆ. ಆದರೆ ಜಾಲರಿ ತೋಳು ಹಾಕಿಯೇ ತುಂಬಿಸಬೇಕು, ಇಲ್ಲದಿದ್ದರೆ ಅಂಟೆಲ್ಲ ಕಲ್ಲಿನ ತೂತುಗಳಿಗೇ ಹೋಗುತ್ತದೆ.

ಇದಕ್ಕಿಂತ ಸುಲಭ, ಬಾಗಿಲು ಕಿಟಕಿಯ ಮೇಲಿನ ಲಿಂಟಲ್ ಕಾಂಕ್ರೀಟ್ ಎಲ್ಲಿದೆ ನೋಡಿ. ಅಲ್ಲಿಗೆ ಫಾಸ್ಟನರ್ ಹೊಡೆದು ಕೆಳಗೆ ಕೈ ಇಳಿಸಿದರೆ ಕಲ್ಲಿನ ಗೋಜೇ ಇಲ್ಲ.

ಪೈಪ್‌ಫಿಟ್ಟರ್_ಬೈಕಂಪಾಡಿ (ಭಾನುವಾರ, ಮಧ್ಯಾಹ್ನ 3:05)

ಸಾರ್, ಒಂದು ವಾರ ಬಿಡಿ ಎಂದರೆ ಪಾರ್ಟಿ ಬೇರೆಯವರನ್ನು ಕರೆಯುತ್ತದೆ. ಬಿಸಿನೀರು ನಾಳೆ ಬೆಳಿಗ್ಗೆಗೆ ಬೇಕು ಎನ್ನುತ್ತಾರೆ. ನೀವು ಹೇಳಿದ್ದು ಸರಿ, ನಾನು ಇಲ್ಲ ಎನ್ನುವುದಿಲ್ಲ.

ಕುಲಶೇಖರದವ (ಭಾನುವಾರ, ಸಂಜೆ 5:45)

ಎಲ್ಲರಿಗೂ ಉಪಕಾರ. ರಾತ್ರಿಯೇ ಸ್ಟೂಲು ಇಟ್ಟೆ, ಅದರ ಮೇಲೆ ಹಳೆಯ ಎರಡು ಟೆಲಿಫೋನ್ ಡೈರೆಕ್ಟರಿ. ಕೊನೆಗೂ ಅವುಗಳಿಗೆ ಕೆಲಸ ಸಿಕ್ಕಿತು.

ಅಣ್ಣ ಕೇಳಿದ್ದಕ್ಕೆ ಉತ್ತರ: ಪಿನ್ ಒತ್ತಿದರೆ ಗಾಳಿ ಬರುತ್ತದೆ, ನೀರಲ್ಲ. ಪಂಪಿನ ಹತ್ತಿರ ಒಂದು ಎನ್‌ಆರ್‌ವಿ ಉಂಟು. ಸೇಫ್ಟಿ ವಾಲ್ವ್ ನೇರ ಗೀಸರಿನ ತಣ್ಣೀರಿನ ಬಾಯಿಗೇ ಬಿಗಿದಿದೆ, ಗೀಸರ್ ಜೊತೆ ಡಬ್ಬದಲ್ಲಿ ಬಂದದ್ದು. ಮೇಲೆ ಸಣ್ಣ ಬಾಣದ ಗುರುತು, 8 ಬಾರ್ ಎಂದು ಬರೆದಿದೆ. ಟ್ಯಾಂಕಿನ ಟೀ ಅದಕ್ಕಿಂತ ಮೊದಲು, ಪಂಪಿನ ಕಡೆಗೆ.

ಟ್ಯಾಂಕಿನ ಸ್ಟಿಕ್ಕರಿನಲ್ಲಿ ಗಾಳಿ 40 ಪಿಎಸ್‌ಐ ಎಂದಿದೆ.

ಫಿಸಿಕ್ಸ್_ಟೀಚರ್ (ಭಾನುವಾರ, ಸಂಜೆ 6:20)

ಸಿಕ್ಕಿತು ನೋಡಿ! ಆ ಬಾಣ ಸುಮ್ನೆ ಹಾಕಿದ್ದಲ್ಲ. ಗೀಸರ್ ಜೊತೆ ಬರುವ ಆ ವಾಲ್ವಿನೊಳಗೆ ಎರಡು ಕೆಲಸ ಉಂಟು. ಒತ್ತಡ ಜಾಸ್ತಿಯಾದರೆ ಹೊರಗೆ ಬಿಡುವುದು ಒಂದು. ನೀರನ್ನು ಬಾಣದ ದಿಕ್ಕಿಗೆ ಮಾತ್ರ ಬಿಟ್ಟು ಹಿಂದೆ ಬಿಡದಿರುವುದು ಇನ್ನೊಂದು. ಅಂದರೆ ಅದೂ ಒಂದು ಎನ್‌ಆರ್‌ವಿ.

ನಿಮ್ಮ ಟ್ಯಾಂಕ್ ಅದರ ಆಚೆ ಕಡೆ ಕೂತಿದೆ. ಗೀಸರಿನಲ್ಲಿ ಹಿಗ್ಗಿದ ನೀರು ಟ್ಯಾಂಕಿಗೆ ಬರಬೇಕಾದರೆ ಆ ಬಾಗಿಲು ದಾಟಬೇಕು, ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಬಾವಿಗೆ ಬೇಲಿ ಹಾಕಿ ಕೊಡಪಾನವನ್ನು ಬೇಲಿಯ ಹೊರಗಿಟ್ಟ ಹಾಗೆ ಆಯಿತು.

ಇನ್ನೂ ಒಂದುಂಟು. 40 ಪಿಎಸ್‌ಐ ಎಂದರೆ 2.75 ಬಾರ್. ನಿಮ್ಮ ಪಂಪ್ ಕೊಡುವುದು 2.2. ಒಳಗಿನ ಗಾಳಿಯೇ ಜೋರು. ಹಾಗಾಗಿ ನಿಮ್ಮ ಟ್ಯಾಂಕಿನೊಳಗೆ ಇಷ್ಟು ತಿಂಗಳಲ್ಲಿ ಹೇಳುವಷ್ಟು ನೀರೇ ಹೋಗಿಲ್ಲ. ಅದು ಖಾಲಿಯೇ ನೇತಾಡುತ್ತಿದೆ.

ಪೈಪ್‌ಫಿಟ್ಟರ್_ಬೈಕಂಪಾಡಿ (ಭಾನುವಾರ, ಸಂಜೆ 6:32)

ಖಾಲಿ ಟ್ಯಾಂಕಿಗೇ ಎರಡು ಬೆರಳು ಬಾಗಿದೆ ಎಂದರೆ ನೀವೇ ಲೆಕ್ಕ ಹಾಕಿ.

ಕುಲಶೇಖರದವ (ಭಾನುವಾರ, ಸಂಜೆ 6:50)

ಅಯ್ಯೋ ದೇವರೇ. ಹಾಗಾದರೆ ಇಷ್ಟು ದಿನ ಸುಮ್ನೆ ಶೋಕಿಗೆ ಇಟ್ಟ ಹಾಗೆ ಆಯಿತಲ್ಲ. ಈಗ ಬಿಸಿನೀರಿನ ಕಡೆಗೆ ಹಾಕಿದರೆ ಆಗುತ್ತದಾ? ಅಲ್ಲಿ ವಾಲ್ವ್ ಇಲ್ಲ.

ಪೈಪ್‌ಫಿಟ್ಟರ್_ಬೈಕಂಪಾಡಿ (ಭಾನುವಾರ, ಸಂಜೆ 7:10)

ಬೇಡ. ಬಿಸಿ ತಾಗಿ ತಾಗಿ ರಬ್ಬರಿನ ಆಯುಷ್ಯ ಕಮ್ಮಿಯಾಗುತ್ತದೆ. ತಣ್ಣೀರಿನ ಕಡೆಯೇ ಇರಲಿ, ಆದರೆ ಸೇಫ್ಟಿ ವಾಲ್ವಿಗೂ ಗೀಸರಿಗೂ ನಡುವೆ.

ಗೀಸರಿನ ಬಾಯಿಯಿಂದ ಸೇಫ್ಟಿ ವಾಲ್ವ್ ಬಿಚ್ಚಿ. ಅಲ್ಲಿಗೆ ಹಿತ್ತಾಳೆ ಟೀ. ಟೀಯ ಒಂದು ಕೈಗೆ ಟ್ಯಾಂಕ್, ಇನ್ನೊಂದಕ್ಕೆ ಅದೇ ಸೇಫ್ಟಿ ವಾಲ್ವ್, ಬಾಣ ಗೀಸರಿನ ಕಡೆಗೇ ನೋಡುತ್ತಿರಲಿ. ಈ ನಡುವೆ ಎಲ್ಲಿಯೂ ಗೇಟ್ ವಾಲ್ವ್, ಬಾಲ್ ವಾಲ್ವ್ ಬೇಡವೇ ಬೇಡ. ಬಂದ್ ಮಾಡುವ ವಾಲ್ವ್ ಬೇಕಾದರೆ ಸೇಫ್ಟಿಗಿಂತ ಹಿಂದೆ ಹಾಕಿ. ಯಾರೋ ರಿಪೇರಿಗೆ ಬಂದವರು ನಡುವಿನದ್ದನ್ನು ತಿರುಗಿಸಿ ಮರೆತು ಹೋದರೆ ಸೇಫ್ಟಿಯೇ ಇಲ್ಲದ ಹಾಗೆ ಆಗುತ್ತದೆ. ಈ ಟೀಯವರೆಗೂ ಸಿಪಿವಿಸಿ ಬೇಡ, ಎಲ್ಲ ಹಿತ್ತಾಳೆ, ಸ್ಟೀಲ್. ನಮ್ಮ ಕಡೆಯ ಬಾವಿ ನೀರು ಸ್ವಲ್ಪ ಹುಳಿ, ಜಿಐ (ಸತು ಲೇಪಿಸಿದ ಕಬ್ಬಿಣದ) ನಿಪ್ಪಲ್ ಬೇಗ ತಿಂದುಹೋಗುತ್ತದೆ.

ಹೊಸಬ_ಪುತ್ತೂರು (ಭಾನುವಾರ, ಸಂಜೆ 7:30)

ನಡುವೆ ಬಾಯಿ ಹಾಕುತ್ತೇನೆ. ನಮ್ಮದು ಸೋಲಾರ್, ಮೇಲೆ ಬಾಗಿದ ಪೈಪೊಂದು ಆಕಾಶ ನೋಡುತ್ತಾ ನಿಂತಿದೆ. ನಮಗೂ ಈ ಟ್ಯಾಂಕ್ ಬೇಕಾ?

ಫಿಸಿಕ್ಸ್_ಟೀಚರ್ (ಭಾನುವಾರ, ಸಂಜೆ 7:42)

ಬೇಡ. ಆ ಪೈಪೇ ನಿಮ್ಮ ಹಂಡೆಯ ತೆರೆದ ಬಾಯಿ. ಅದರಲ್ಲಿ ಕಣಜ ಗೂಡು ಕಟ್ಟದ ಹಾಗೆ ನೋಡಿಕೊಳ್ಳಿ ಸಾಕು.

ಸಿವಿಲ್_ಸುರತ್ಕಲ್ (ಭಾನುವಾರ, ರಾತ್ರಿ 8:15)

ಒಂದು ಕೇಳಬೇಕು ಅಂತಿದ್ದೆ. 100 ಲೀಟರ್ ಗೀಸರ್ ತುಂಬಿದರೆ 130 ಕಿಲೋ ಹತ್ತಿರ. ಅದನ್ನು ಕೆಂಪುಕಲ್ಲಿನ ಗೋಡೆಗೆ ಯಾವುದರಲ್ಲಿ ನೇತು ಹಾಕಿದ್ದಾರೆ? ಟ್ಯಾಂಕಿಗಿಂತ ನನಗೆ ಅದರ ಚಿಂತೆ.

ಕುಲಶೇಖರದವ (ಭಾನುವಾರ, ರಾತ್ರಿ 8:20)

ಗೋಡೆಗೆ ಇಲ್ಲ ಸಾರ್. ಕಬ್ಬಿಣದ ಆಂಗಲಿನ ಸ್ಟ್ಯಾಂಡ್ ಮಾಡಿಸಿ ನೆಲದ ಮೇಲೆ ಇಟ್ಟದ್ದು.

ಪೈಪ್‌ಫಿಟ್ಟರ್_ಬೈಕಂಪಾಡಿ (ಭಾನುವಾರ, ರಾತ್ರಿ 8:22)

ಅದನ್ನು ಮೊದಲೇ ಹೇಳಬಾರದಾ ಮಾರಾಯ್ರೆ! ನಾವಿಲ್ಲಿ ಗೋಡೆ ಕೊರೆದು ಕೊರೆದು ಸಾಯುತ್ತಿದ್ದೇವೆ.

ಸಿವಿಲ್_ಸುರತ್ಕಲ್ (ಭಾನುವಾರ, ರಾತ್ರಿ 8:40)

ಹಾಗಾದರೆ ಗೋಡೆ ಮುಟ್ಟಬೇಡಿ. ಅದೇ ಸ್ಟ್ಯಾಂಡಿನ ಕಾಲಿಗೆ ಒಂದು ಆಂಗಲ್ ಕೈ ವೆಲ್ಡ್ ಮಾಡಿಸಿ, ತುದಿಯಲ್ಲಿ ಟ್ಯಾಂಕ್ ಕೂರುವ ಸಣ್ಣ ತಟ್ಟೆ, ಹೊಟ್ಟೆಗೆ ಪಟ್ಟಿ. ಗೀಸರೂ ಟ್ಯಾಂಕೂ ಒಂದೇ ಸ್ಟ್ಯಾಂಡಿನಲ್ಲಿ ಇದ್ದರೆ ಅಲುಗಿದರೂ ಒಟ್ಟಿಗೇ ಅಲುಗುತ್ತವೆ, ನಡುವಿನ ನಿಪ್ಪಲಿಗೆ ಎಳೆತ ಬೀಳುವುದಿಲ್ಲ. ಗೀಸರ್ ಸ್ಟ್ಯಾಂಡಿನಲ್ಲಿ, ಟ್ಯಾಂಕ್ ಗೋಡೆಯಲ್ಲಿ ಇದ್ದರೆ ಆ ಎಳೆತ ಇದ್ದೇ ಇರುತ್ತದೆ. ವೆಲ್ಡಿಂಗ್ ಮಾಡುವಾಗ ಗೀಸರಿನ ವಯರ್ ಬಿಚ್ಚಿರಲಿ, ಟ್ಯಾಂಕ್ ಅಲ್ಲಿ ಇರಬಾರದು. ಸ್ಟ್ಯಾಂಡಿನ ತಲೆ ಮುಂದಕ್ಕೆ ವಾಲದ ಹಾಗೆ ಒಂದು ಕಡೆ ಲಿಂಟಲಿಗೆ ಕಟ್ಟಿ. ತುಕ್ಕಿನ ಪ್ರೈಮರ್ ಎರಡು ಕೈ ಹೊಡೆಯಿರಿ, ಕಾಪು ಅಕ್ಕನ ಕಥೆ ನೆನಪಿರಲಿ. ಪಟ್ಟಿಯನ್ನಾದರೂ ಸ್ಟೀಲಿನದ್ದೇ ತನ್ನಿ.

ಫಿಸಿಕ್ಸ್_ಟೀಚರ್ (ಭಾನುವಾರ, ರಾತ್ರಿ 9:00)

ಗಾಳಿಯನ್ನು ಲೈನಿನ ಒತ್ತಡಕ್ಕೆ ಸಮ ಮಾಡಿ, 32 ಪಿಎಸ್‌ಐ. ಪಂಪ್ ಆಫ್ ಮಾಡಿ, ಬಿಸಿನೀರಿನ ನಲ್ಲಿ ತೆರೆದು, ಟ್ಯಾಂಕಿನಲ್ಲಿ ನೀರಿನ ಒತ್ತಡ ಇಲ್ಲದಿರುವಾಗಲೇ ಅಳೆಯಬೇಕು. ಇಲ್ಲದಿದ್ದರೆ ಗೇಜು ನೀರಿನ ಒತ್ತಡವನ್ನೇ ತೋರಿಸಿ ಮೋಸ ಮಾಡುತ್ತದೆ. ಸ್ಕೂಟರ್ ಟೈರಿನ ಗೇಜೇ ಸಾಕು. 40 ಇದ್ದರೂ ಆಕಾಶ ಬೀಳುವುದಿಲ್ಲ, ಟ್ಯಾಂಕ್ ಸ್ವಲ್ಪ ತಡವಾಗಿ ಕೆಲಸ ಶುರು ಮಾಡುತ್ತದೆ ಅಷ್ಟೇ. ಕಮ್ಮಿ ಆದರೆ ತಾಪತ್ರಯ. ಗಾಳಿ ಪೂರ್ತಿ ಹೋದ 8 ಲೀಟರ್ ಟ್ಯಾಂಕಿಗೆ ತಣ್ಣಗಿರುವಾಗಲೇ ಐದೂವರೆ ಲೀಟರ್ ನೀರು ಹೊಕ್ಕಿರುತ್ತದೆ. ಭಾರವೂ ಜಾಸ್ತಿ, ಹಿಗ್ಗಿದ ನೀರಿಗೆ ಜಾಗವೂ ಇಲ್ಲ. 70 ಡಿಗ್ರಿಗೆ ಇಟ್ಟರೆ ವಾಲ್ವ್ ಮತ್ತೆ ತೊಟ್ಟಿಕ್ಕುತ್ತದೆ.

ಸರಿಯಾಗಿ 32 ಇಟ್ಟು, ನೀರು 60 ಡಿಗ್ರಿಗೆ ಬಂದಾಗ ಒತ್ತಡ 2.2ರಿಂದ 2.8 ಬಾರಿಗೆ ಏರಬೇಕು. ಅದಕ್ಕಿಂತ ಜಾಸ್ತಿ ಏರಬಾರದು. ಟೀಗೆ ಒಂದು ಸಣ್ಣ ಗೇಜು ಹಾಕಿಸಿ ನೋಡಿ, ನನ್ನ ಲೆಕ್ಕ ಸರಿಯಾ ಅಂತ ನನಗೂ ತಿಳಿಯಲಿ.

ಕುಲಶೇಖರದವ (ಮುಂದಿನ ಭಾನುವಾರ, ಮಧ್ಯಾಹ್ನ 12:10)

ಕೆಲಸ ಮುಗಿಯಿತು. ಹಳೆಯ ಪ್ಲಂಬರನ್ನು ಕರೆಯಲಿಲ್ಲ. ಬೇರೆಯವರನ್ನು ಕರೆದು ಈ ಚರ್ಚೆಯನ್ನೇ ಮೊಬೈಲಿನಲ್ಲಿ ಓದಿಸಿದೆ. ಅವರು ಪೂರ್ತಿ ಓದಿ "ಈ ಬೈಕಂಪಾಡಿಯವರು ಯಾರು, ನಂಬರ್ ಉಂಟಾ" ಎಂದು ಕೇಳಿದರು.

ಹಳೆಯ ಟೀ ಬಿಚ್ಚಿದಾಗ ಫಿಟ್ಟರ್ ಅಣ್ಣ ಹೇಳಿದ ಹಾಗೆಯೇ ಆಯಿತು. ಹಿತ್ತಾಳೆಯ ಬಳೆ ಪ್ಲಾಸ್ಟಿಕ್ಕಿನಿಂದ ಅರ್ಧ ಎದ್ದು ಬಂದಿತ್ತು, ಸುತ್ತ ಕೂದಲಿನಷ್ಟು ಸೀಳು. ಇನ್ನೆಷ್ಟು ದಿನ ಇರುತ್ತಿತ್ತೋ.

ಪಟ್ಟಿ, ಟೀ, ನಿಪ್ಪಲ್, ಗೇಜು ಎಲ್ಲ ಬಂದರಿನ ಅಂಗಡಿಗಳಲ್ಲಿ ಸಿಕ್ಕಿತು. ವೆಲ್ಡಿಂಗ್‌ನವರು ಸ್ಟ್ಯಾಂಡಿಗೆ ಕೈ ಮಾಡಿಕೊಟ್ಟರು. ಟ್ಯಾಂಕ್ ಈಗ ನೆಟ್ಟಗೆ ತಟ್ಟೆಯ ಮೇಲೆ ಕೂತಿದೆ, ಹೊಟ್ಟೆಗೆ ಪಟ್ಟಿ, ಒಳಗೆ ಹಳೆ ಟ್ಯೂಬಿನ ತುಂಡು. ಪೈಪ್ ಬಿಚ್ಚಿದರೂ ಟ್ಯಾಂಕ್ ಅಲ್ಲೇ ನಿಲ್ಲುತ್ತದೆ, ಪರೀಕ್ಷೆ ಮಾಡಿಯೇ ಬಿಗಿದೆವು. ಸ್ಟ್ಯಾಂಡಿನ ತಲೆ ಲಿಂಟಲಿಗೆ ಕಟ್ಟಿದೆ. ಫೋಟೋ ಹಾಕಿದ್ದೇನೆ.

ಮೊದಲ ದಿನ ಸೇಫ್ಟಿ ವಾಲ್ವ್ ಆಗಲೂ ತೊಟ್ಟಿಕ್ಕಿತು, ಗೀಸರ್ ಆಫ್ ಇದ್ದಾಗಲೂ. ಎದೆ ಧಸಕ್ ಎಂದಿತು. ಟೀಚರ್ ಬರೆದದ್ದು ನೆನಪಾಗಿ, ನೀರು ತಣ್ಣಗಿದ್ದಾಗ ವಾಲ್ವಿನ ಕಿವಿ ಎತ್ತಿ ಎರಡು ಸಲ ನೀರು ಬಿಟ್ಟೆವು. ಕೆಂಪು ಮಣ್ಣಿನ ಹರಳು ಬಂತು. ಆಮೇಲೆ ನಿಂತಿದೆ.

ಕಾಪು_ಕಡಲು (ಭಾನುವಾರ, ಮಧ್ಯಾಹ್ನ 12:40)

ಫೋಟೋ ನೋಡಿದೆ. ಪೊರ್ಲು ಉಂಡು! ವರ್ಷಕ್ಕೊಮ್ಮೆ ಪಟ್ಟಿಯ ಹಿಂದೆ ಕೈ ಹಾಕಿ ನೋಡಿ. ನಾನು ಈಗ ಪ್ರತಿ ಮಳೆಗಾಲ ಮುಗಿದ ಮೇಲೆ ಟ್ಯಾಂಕನ್ನು ಬೆರಳಿನಲ್ಲಿ ತಟ್ಟಿ ಕೇಳುತ್ತೇನೆ. ಟೊಳ್ಳು ಸದ್ದು ಬಂದರೆ ಒಳ್ಳೆಯದು, ಪೂರ್ತಿ ಧಬ್ ಎಂದರೆ ಫೋನ್ ಮಾಡುವುದು.

ಫಿಸಿಕ್ಸ್_ಟೀಚರ್ (ಭಾನುವಾರ, ಮಧ್ಯಾಹ್ನ 1:05)

ಎಲ್ಲ ಬರೆದಿರಿ, ಗೇಜಿನದ್ದು ಬರೆಯಲಿಲ್ಲ.

ಕುಲಶೇಖರದವ (ಭಾನುವಾರ, ಮಧ್ಯಾಹ್ನ 1:20)

ಕ್ಷಮಿಸಿ ಟೀಚರ್. ಬೆಳಿಗ್ಗೆ ತಣ್ಣಗಿದ್ದಾಗ 2.2. ಗೀಸರ್ ಕಟ್ ಆದಾಗ ಮುಳ್ಳು ಮೂರಕ್ಕಿಂತ ಸ್ವಲ್ಪ ಕೆಳಗೆ ನಿಂತಿತ್ತು. 2.8 ಎಂದರೆ 2.8, ಅಪ್ಪ ಕನ್ನಡಕ ಹಾಕಿ ನೋಡಿ 2.9 ಎಂದರು.

ಹಂಡೆಬಚ್ಚಲು (ಭಾನುವಾರ, ಮಧ್ಯಾಹ್ನ 1:32)

ಮಾವನ ಮನೆಯ ಪ್ಲಗ್ ತೆಗೆಸಿದೆ. ತೊಟ್ಟಿಕ್ಕುವ ನೀರಿಗೆ ಅತ್ತೆ ಕೆಳಗೊಂದು ಚೊಂಬು ಇಟ್ಟಿದ್ದಾರೆ. ದಿನಕ್ಕೆ ಒಂದೂವರೆ ಲೋಟ, ಟೀಚರ್ ಹೇಳಿದಷ್ಟೇ. ತುಳಸಿಗೆ ಹಾಕುತ್ತಾರೆ, ತಣಿದ ಮೇಲೆ.